ಚೀನಾದ ಮಹಾಗೋಡೆ ಮೇಲೆ ಒಂದು ದಿನದ ನಡಿಗೆ: ಜಿಯಾನ್‌ಕೊವ್‌ಗೆ ಹೋಗಲಾ, ಜಿನ್‌ಶಾನ್‌ಲಿಂಗ್‌ಗಾ?

ಚಂದ್ರಿಕಾ_ನಡಿಗೆ
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಆಫೀಸ್ ಕೆಲಸದ ಮೇಲೆ ಬೀಜಿಂಗ್‌ಗೆ ಹೋಗುತ್ತಿದ್ದೇನೆ. ಶನಿವಾರ ಪೂರ್ತಿ ಬಿಡುವು. ಆ ದಿನವನ್ನು ಮಹಾಗೋಡೆಗೇ ಕೊಡಬೇಕು ಅಂತಿದ್ದೇನೆ. ಕೇಬಲ್ ಕಾರ್‌ನಲ್ಲಿ ಹೋಗಿ ಫೋಟೊ ತೆಗೆಸಿಕೊಂಡು ಇಳಿಯುವುದು ಬೇಡ, ಮೈ ದಣಿಯುವಷ್ಟು ನಡೆಯಬೇಕು. ಜಿಯಾನ್‌ಕೊವ್‌ನಿಂದ ಮುತಿಯನ್‌ಯುಗೆ ನಡೆ ಅಂತ ಒಬ್ಬರು ಹೇಳುತ್ತಾರೆ, ಜಿನ್‌ಶಾನ್‌ಲಿಂಗ್‌ನಿಂದ ಸಿಮತಾಯ್‌ಗೆ ನಡೆ ಅಂತ ಇನ್ನೊಬ್ಬರು. ನಾನು ಒಬ್ಬಳೇ ಇರುತ್ತೇನೆ. ಬೆಟ್ಟ ಹತ್ತಿ ಅಭ್ಯಾಸ ಇದೆ, ಆದರೆ ಕೈಕಾಲು ಊರಿ ಬಂಡೆ ಏರುವಷ್ಟು ಧೈರ್ಯ ಇಲ್ಲ. ಸಸ್ಯಾಹಾರಿ. ಚೀನೀ ಭಾಷೆ ಒಂದಕ್ಷರ ಬರುವುದಿಲ್ಲ. ಹೋಗಿ ಬಂದವರು ಹೇಳಿ.

ದೂರದಾರಿ
ಮೊದಲು ಒಂದು ವಿಷಯ. ಜಿನ್‌ಶಾನ್‌ಲಿಂಗ್‌ನಿಂದ ಸಿಮತಾಯ್‌ವರೆಗೆ ಗೋಡೆಯ ಮೇಲೇ ನಡೆದು ಹೋಗುವುದು ಈಗ ಆಗುವುದಿಲ್ಲ. ಹಳೆಯ ಗೈಡ್ ಪುಸ್ತಕಗಳಲ್ಲಿ ಇನ್ನೂ ಇದೆ, ಕೊನೆಯಲ್ಲಿ ತೂಗುಸೇತುವೆ ದಾಟಿ ಆಚೆ ದಡ ಸೇರುವ ವರ್ಣನೆ ಸಮೇತ. 2010ರಲ್ಲಿ ಸಿಮತಾಯ್ ಮುಚ್ಚಿದರು. 2014ರಲ್ಲಿ ಪಕ್ಕದ ಗುಬೈ ವಾಟರ್ ಟೌನ್ ಜೊತೆ ಮತ್ತೆ ತೆರೆದಾಗ ಅದು ಬೇರೆಯೇ ಜಾಗ ಆಯಿತು: ಬೇರೆ ಗೇಟು, ಬೇರೆ ಟಿಕೆಟ್. ಎರಡರ ನಡುವಿನ ದಾರಿ ಬಂದ್.

ಹಾಗಂತ ಜಿನ್‌ಶಾನ್‌ಲಿಂಗ್ ಬಿಡಬೇಡಿ. ಅದೊಂದೇ ನಿಮ್ಮ ದಿನಕ್ಕೆ ಸಾಕು. ಬೀಜಿಂಗ್‌ನಿಂದ ಈಶಾನ್ಯಕ್ಕೆ ಸುಮಾರು 130 ಕಿಲೊಮೀಟರ್, ಹೆಬೈ ಪ್ರಾಂತ್ಯದ ಲುವಾನ್‌ಪಿಂಗ್ ತಾಲೂಕು. ಗೋಡೆಯ ಉದ್ದ 10.5 ಕಿಲೊಮೀಟರ್, ಅದರಲ್ಲಿ 67 ಬುರುಜು. ಅಷ್ಟನ್ನೂ ನಡೆಯಬೇಕಿಲ್ಲ. ಮುಖ್ಯ ಗೇಟಿನಿಂದ ಹತ್ತಿ, ಗೋಡೆ ಸಿಕ್ಕ ಮೇಲೆ ಎಡಕ್ಕೆ ಅಂದರೆ ಪೂರ್ವಕ್ಕೆ ತಿರುಗಿ, ಪೂರ್ವದ ಐದು ಕಿಟಕಿಯ ಬುರುಜಿನವರೆಗೆ ನಡೆದು, ಅಲ್ಲಿಂದ ಪೂರ್ವ ಗೇಟಿಗೆ ಇಳಿಯಿರಿ. ನಿಂತು ನೋಡುತ್ತಾ ಹೋದರೆ ನಾಲ್ಕೈದು ಗಂಟೆ.

ಈ ದಿಕ್ಕಿಗೇ ಯಾಕೆ ಹೋಗಬೇಕು ಅಂದರೆ, ಮಧ್ಯದ ಭಾಗವನ್ನು 1980ರ ದಶಕದಿಂದ ರಿಪೇರಿ ಮಾಡಿದ್ದಾರೆ. ತೆನೆಗಳು, ಅಂದರೆ ಗೋಡೆಯ ತಲೆಯ ಮೇಲಿನ ಹಲ್ಲಿನಂಥ ಅಂಚು, ಸರಿಯಾಗಿವೆ, ನೆಲ ಸಪಾಟಾಗಿದೆ. ಪೂರ್ವಕ್ಕೆ ಹೋದಷ್ಟೂ ರಿಪೇರಿ ಕಮ್ಮಿಯಾಗುತ್ತದೆ. ಮೊದಲು ತೆನೆಗಳು ಹೋಗುತ್ತವೆ. ಆಮೇಲೆ ಪಕ್ಕದ ಕೈಗೋಡೆ ಹೋಗುತ್ತದೆ. ಕೊನೆಕೊನೆಗೆ ಬುರುಜುಗಳಿಗೆ ಚಾವಣಿಯೇ ಇಲ್ಲ, ಕಮಾನು ಮಾತ್ರ ನಿಂತಿದೆ, ಇಟ್ಟಿಗೆ ಸಂದಿಯಲ್ಲಿ ಹುಲ್ಲು. ಪಶ್ಚಿಮದ ಕಡೆಯಿಂದ ಬಂದವರಿಗೆ ಗೋಡೆ ಹಂತಹಂತವಾಗಿ ಹಳೆಯದಾಗುವುದು ಕಣ್ಣಿಗೆ ಕಾಣುತ್ತದೆ.

ಕಷ್ಟ ಇರುವುದು ಮೆಟ್ಟಿಲಲ್ಲಿ. ಒಂದು ಮೆಟ್ಟಿಲು ಗೇಣುದ್ದ, ಮುಂದಿನದು ಮಂಡಿಯುದ್ದ. ಕಾಲಿಗೆ ಒಂದು ಲಯ ಸಿಗುವುದೇ ಇಲ್ಲ. ಒಂದು ಬುರುಜಿನಿಂದ ಇಳಿದ ಕೂಡಲೇ ಇನ್ನೊಂದಕ್ಕೆ ಏರು. ಎಲ್ಲಿಯೂ ನೂರು ಹೆಜ್ಜೆ ಮಟ್ಟಸವಾಗಿ ನಡೆಯುವ ಭಾಗ್ಯ ಇಲ್ಲ.

ಗುಡ್ಡಸುತ್ತು
ನನ್ನ ವೋಟು ಜಿಯಾನ್‌ಕೊವ್‌ಗೆ. ಜಿನ್‌ಶಾನ್‌ಲಿಂಗ್ ಚಂದ ಇದೆ, ಇಲ್ಲ ಅನ್ನಲ್ಲ. ಆದರೆ ಜಿಯಾನ್‌ಕೊವ್ ನೋಡಿದ ಮೇಲೆ ಉಳಿದದ್ದೆಲ್ಲ ಸಪ್ಪೆ. ಶಿಝಾಝಿ ಹಳ್ಳಿಯಿಂದ ಕಾಡಿನ ದಾರಿಯಲ್ಲಿ ಹತ್ತಿ ಝೆಂಗ್‌ಬೈ ಬುರುಜು ಸೇರಬೇಕು. ಅಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಬೋಳು ಬಂಡೆಯ ಏಣಿನ ಮೇಲೆ ಬಿಳಿ ಗೋಡೆ. ಅಷ್ಟು ಕಡಿದಾದ ಜಾಗಕ್ಕೆ ಕಲ್ಲು ಹೊತ್ತವರು ಯಾರಪ್ಪಾ ಅನ್ನಿಸುತ್ತದೆ. ಅಲ್ಲಿಂದ ಪೂರ್ವಕ್ಕೆ ಇಳಿಯುತ್ತಾ ಮುತಿಯನ್‌ಯು ತಲುಪಿ ಜಾರುಬಂಡಿಯಲ್ಲಿ ಕೆಳಗೆ ಬಂದರಾಯಿತು. ಒಂದೇ ದಿನದಲ್ಲಿ ಪಾಳುಗೋಡೆ, ರಿಪೇರಿ ಗೋಡೆ ಎರಡೂ ಆಯಿತು. ಗೋಡೆಯ ಮೇಲೆ ಮರ ಬೆಳೆದಿದೆ ಮೇಡಂ, ಮರ! ಕೊಂಬೆ ಸರಿಸಿಕೊಂಡು ನಡೆಯಬೇಕು.

ಇಟ್ಟಿಗೆ_ಪುರಾಣ
ಗುಡ್ಡಸುತ್ತು ಅವರೇ, ಶಿಝಾಝಿ ಹಳ್ಳಿ ಹತ್ತಿರ ನಿಲ್ಲಿಸಿರುವ ಬೋರ್ಡಿನ ಬಗ್ಗೆ ಹೇಳಲೇ ಇಲ್ಲವಲ್ಲ.

ಪ್ರವಾಸಿಗರಿಗೆ ಅಂತ ತೆರೆಯದ ಗೋಡೆಯನ್ನು ಹತ್ತುವಂತಿಲ್ಲ ಅಂತ ಬೀಜಿಂಗ್ ನಗರದ ನಿಯಮ 2003ರಿಂದಲೂ ಇದೆ. ಆಮೇಲೆ ಇಡೀ ದೇಶಕ್ಕೆ ಮಹಾಗೋಡೆ ರಕ್ಷಣೆಯ ನಿಯಮಾವಳಿ ಬಂತು, 2006ರ ಡಿಸೆಂಬರ್ 1ರಿಂದ ಜಾರಿ. ಅದರ ಪ್ರಕಾರ ಅಂಥ ಜಾಗಗಳಿಗೆ ಗುಂಪು ಕಟ್ಟಿಕೊಂಡು ಹೋಗಿ ಕಾರ್ಯಕ್ರಮ ಮಾಡುವುದೂ ತಪ್ಪು. ಕೆಲವು ಟೂರ್‌ನವರು ಇದನ್ನು ಸಾಹಸ ಅಂತ ಮಾರುತ್ತಾರೆ, ಬೋರ್ಡಿನ ಮಾತು ಎತ್ತುವುದಿಲ್ಲ. ಒಬ್ಬರೇ ಹೋಗುವ ಹೆಣ್ಣುಮಗಳಿಗೆ, ಅದೂ ವೀಸಾ ಮೇಲೆ ಪರದೇಶದಲ್ಲಿ ಇರುವವರಿಗೆ, ನಾನಂತೂ ಆ ದಾರಿ ಹೇಳಲ್ಲ.

ಪೊಲೀಸರ ವಿಷಯ ಪಕ್ಕಕ್ಕಿಡಿ. ಜಿಯಾನ್‌ಕೊವ್‌ನಲ್ಲಿ ಮೇಲಿನ ಹಾಸು ಇಟ್ಟಿಗೆಯೇ ಹಲವು ಕಡೆ ಎದ್ದಿದೆ. ಒಳಗಿರುವುದು ಮಣ್ಣು, ಜಲ್ಲಿ. ಜನ ಒಂದೇ ಜಾಗದಲ್ಲಿ ಕಾಲಿಟ್ಟು ಇಟ್ಟಿಗೆ ಜಾರಿತು ಅಂದರೆ ಅಲ್ಲಿಂದ ಮಳೆನೀರು ಇಳಿಯುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಒಂದೆರಡು ಚಳಿಗಾಲ ಸಾಕು ಉದುರಲು.

ಗುಡ್ಡಸುತ್ತು
ಸರ್, ಬೋರ್ಡು ಇದೆ, ಒಪ್ಪಿದೆ. ಆದರೆ ಗೋಡೆ ಹಾಳು ಮಾಡಿದವರು ನಡೆಯುವವರು ಮಾತ್ರಾನಾ? ಲಿಯಾವೊನಿಂಗ್ ಪ್ರಾಂತ್ಯದ ಸುಯ್‌ಝಾಂಗ್‌ನಲ್ಲಿ ರಿಪೇರಿ ಹೆಸರಲ್ಲಿ ಕಿಲೊಮೀಟರ್‌ಗಟ್ಟಲೆ ಗೋಡೆಯ ತಲೆ ಮೇಲೆ ಸಿಮೆಂಟ್‌ನಂಥದ್ದು ಸುರಿದು ಫುಟ್‌ಪಾತ್ ಮಾಡಿಟ್ಟರು. 2016ರಲ್ಲಿ ಅದರ ಫೋಟೊ ಹೊರಗೆ ಬಂದು ಚೀನಾದ ಜನರೇ ಬೈದರು. 2023ರಲ್ಲಿ ಶಾಂಶಿ ಪ್ರಾಂತ್ಯದಲ್ಲಿ ಇಬ್ಬರು ಅಗೆಯುವ ಯಂತ್ರ ತಂದು ಗೋಡೆಯನ್ನೇ ಬಗೆದರು. ಅವರಿಗೆ ಅಡ್ಡದಾರಿ ಬೇಕಿತ್ತಂತೆ! ಇದರ ಮುಂದೆ ನನ್ನ ಬೂಟಿನದು ಏನು ಲೆಕ್ಕ?

ಇಟ್ಟಿಗೆ_ಪುರಾಣ
ಅವರು ಮಾಡಿದ್ದು ದೊಡ್ಡ ತಪ್ಪು, ಹಾಗಂತ ನಿಮ್ಮದು ಸಣ್ಣ ಪುಣ್ಯ ಆಗುವುದಿಲ್ಲ 🙂

ಸುಯ್‌ಝಾಂಗ್ ಗದ್ದಲದಿಂದ ಒಂದು ಒಳ್ಳೆಯದಾಯಿತು. ಹೊಸದಾಗಿ ಕಟ್ಟುವುದು ಕಮ್ಮಿ ಮಾಡಿ, ಇರುವುದನ್ನು ಬೀಳದಂತೆ ಹಿಡಿದು ನಿಲ್ಲಿಸುವುದು ಸರಿ ಅನ್ನುವ ಕಡೆಗೆ ಮಾತು ಬಂತು. ಜಿಯಾನ್‌ಕೊವ್‌ನ ಕೆಲವು ಭಾಗಗಳಲ್ಲಿ ಅಂಥ ಕೆಲಸ ನಡೆದಿದೆ. ದಾರಿ ಎಷ್ಟು ಕಡಿದು ಅಂದರೆ ಇಟ್ಟಿಗೆ, ಸುಣ್ಣ ಹೇಸರಗತ್ತೆ ಮೇಲೆ ಹೊರಿಸಿ ತಂದರು.

ಮಂಡಿಚಿಪ್ಪು
ಇಬ್ಬರೂ ಜಗಳ ಮುಗಿಸಿದ ಮೇಲೆ ಮಂಡಿ ನೋವಿನವರ ಮಾತೂ ಸ್ವಲ್ಪ ಕೇಳಿ.

ಚಂದ್ರಿಕಾ ಅವರೇ, ಹತ್ತುವಾಗ ಉಸಿರು ಹೋಗುತ್ತದೆ, ಅದು ಐದು ನಿಮಿಷ ನಿಂತರೆ ವಾಪಸ್ ಬರುತ್ತದೆ. ಇಳಿಯುವಾಗ ಮಂಡಿ ಹೋದರೆ ಮನೆಗೆ ಬಂದ ಮೇಲೂ ಬರುವುದಿಲ್ಲ. ಜಿನ್‌ಶಾನ್‌ಲಿಂಗ್‌ನಲ್ಲಿ ಇಳಿಜಾರೇ ನಿಜವಾದ ಪರೀಕ್ಷೆ. ಎತ್ತರದ ಮೆಟ್ಟಿಲು ಬಂದಾಗ ನೇರ ಇಳಿಯಬೇಡಿ. ಅಡ್ಡ ತಿರುಗಿ, ಒಂದು ಕೈ ಗೋಡೆಗೆ ಕೊಟ್ಟು, ಒಂದೊಂದೇ ಕಾಲು ಇಳಿಸಿ. ಊರುಗೋಲಿನ ತುದಿಗೆ ರಬ್ಬರ್ ಇರಲಿ. ಬರೀ ಕಬ್ಬಿಣದ ಮೊನೆ ಇಟ್ಟಿಗೆ ಮೇಲೆ ಜಾರುತ್ತದೆ, ಇಟ್ಟಿಗೆಗೂ ಪೆಟ್ಟು. ಉದುರಿದ ಭಾಗ ಬಂದಾಗ ಕೋಲು ಮಡಚಿ ಚೀಲಕ್ಕೆ ಹಾಕಿ, ಅಲ್ಲಿ ಎರಡೂ ಕೈ ಬೇಕು. ತೆಳು ಕೈಗವಸು ಇದ್ದರೆ ಒಳ್ಳೆಯದು. ಬೆಳಗಿನ ಹೊತ್ತು ಕಲ್ಲು ತಣ್ಣಗೆ ಕೊರೆಯುತ್ತದೆ.

ಅಕ್ಟೋಬರ್ ಕೊನೆಗೆ ಅಲ್ಲಿ ಸೂರ್ಯ 5.20ರ ಒಳಗೇ ಮುಳುಗುತ್ತಾನೆ. ಮೂರು ಗಂಟೆಗೆ ಎಲ್ಲಿದ್ದೀರೋ ನೋಡಿಕೊಂಡು, ಇಳಿಯುವ ಯೋಚನೆ ಶುರು ಮಾಡಿ. ತಲೆಗೆ ಕಟ್ಟುವ ಟಾರ್ಚ್ ಒಂದು ಚೀಲದಲ್ಲಿ ಬಿದ್ದಿರಲಿ.

ಚಂದ್ರಿಕಾ_ನಡಿಗೆ
ಎಷ್ಟೊಂದು ವಿಷಯ! ಥ್ಯಾಂಕ್ಸ್. ಬೋರ್ಡಿನ ಮಾತು ಕೇಳಿದ ಮೇಲೆ ಜಿಯಾನ್‌ಕೊವ್ ಕೈಬಿಟ್ಟೆ. ಗುಡ್ಡಸುತ್ತು ಅವರೇ, ಬೇಜಾರಾಗಬೇಡಿ. ಜಿನ್‌ಶಾನ್‌ಲಿಂಗ್‌ಗೆ ಹೋಗುವುದು ಹೇಗೆ, ಊಟ ಏನು ಮಾಡಬೇಕು ಹೇಳಿ. ಇನ್ನೊಂದು, ನಡೆಯುವಾಗ ಯಾವುದನ್ನು ತಪ್ಪದೆ ನೋಡಬೇಕು? ಸುಮ್ನೆ ಮೆಟ್ಟಿಲು ಎಣಿಸಿಕೊಂಡು ಬರೋದು ಬೇಡ.

ಗುಡ್ಡಸುತ್ತು
ಬೇಜಾರೇನಿಲ್ಲ ಮೇಡಂ. ಫೋಟೊ ಹಾಕಿ, ಅಷ್ಟೇ.

ನೂಡಲ್ಸ್_ಹುಡುಗಿ
ನಾನು ಬೀಜಿಂಗ್‌ನಲ್ಲಿ ಓದುತ್ತಿದ್ದೇನೆ ಅಕ್ಕ, ಇದು ನನ್ನ ಪಾಲು 🙋‍♀️

ಹೋಗುವುದು: ವಾಂಗ್‌ಜಿಂಗ್ ವೆಸ್ಟ್ ಮೆಟ್ರೊ ನಿಲ್ದಾಣದ ಹತ್ತಿರ ಲುವಾನ್‌ಪಿಂಗ್ ಕಡೆಗೆ ಹೋಗುವ ಬಸ್ ಸಿಗುತ್ತದೆ. ಹೆದ್ದಾರಿ ಪಕ್ಕದ ಜಿನ್‌ಶಾನ್‌ಲಿಂಗ್ ಸರ್ವಿಸ್ ಏರಿಯಾದಲ್ಲಿ ಇಳಿಯಬೇಕು. ನಿಲ್ದಾಣದಿಂದ ಹೊರಗೆ ಬಂದ ಕೂಡಲೇ "ಬಸ್ ಇವತ್ತಿಲ್ಲ, ನನ್ನ ಕಾರಿಗೆ ಬನ್ನಿ" ಅನ್ನುವವರು ಸುತ್ತಿಕೊಳ್ಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ವಾಪಸ್ ಬಸ್ಸಿನ ಸಮಯವನ್ನು ಹೋಗುವಾಗಲೇ ಕೇಳಿ ಬರೆದುಕೊಳ್ಳಿ. ಬಸ್ ತಲೆನೋವು ಬೇಡ ಅಂದರೆ ಇಡೀ ದಿನಕ್ಕೆ ಕಾರು ಮಾಡಿಕೊಳ್ಳಿ, ಖರ್ಚು ಜಾಸ್ತಿ, ಆದರೆ ಡ್ರೈವರ್‌ಗೆ ಪೂರ್ವ ಗೇಟಿನಲ್ಲಿ ಕಾಯಲು ಹೇಳಬಹುದು. ಎರಡು ಗೇಟಿನ ನಡುವೆ ದೂರ ಇದೆ. ಅಷ್ಟು ನಡೆದ ಮೇಲೆ ಡಾಂಬರು ರಸ್ತೆಯಲ್ಲಿ ಮತ್ತೆ ನಡೆಯುವುದು ಯಾರಿಗೆ ಬೇಕು?

ಟಿಕೆಟ್ ಸೀಸನ್‌ನಲ್ಲಿ 65 ಯುವಾನ್. ಪಾಸ್‌ಪೋರ್ಟ್ ಕಡ್ಡಾಯ, ಜೆರಾಕ್ಸ್ ಅಲ್ಲ, ಅಸಲಿಯೇ ಇಟ್ಟುಕೊಳ್ಳಿ. ದುಡ್ಡು ಕೊಡಲು ಅಲಿಪೇ ಹಾಕಿಕೊಂಡು ನಿಮ್ಮ ಕಾರ್ಡನ್ನು ಹೊರಡುವ ಮೊದಲೇ ಜೋಡಿಸಿ. ಬೆಟ್ಟದ ಮೇಲೆ ನೀರು ಮಾರುವ ಅಜ್ಜಿಯೂ ಕ್ಯೂಆರ್ ಕೋಡ್ ನೇತುಹಾಕಿಕೊಂಡಿರುತ್ತಾಳೆ. ಚಿಲ್ಲರೆ ನೋಟೂ ಸ್ವಲ್ಪ ಇರಲಿ.

ಮ್ಯಾಪ್: ಗೂಗಲ್ ಅಲ್ಲಿ ನೇರವಾಗಿ ತೆರೆಯುವುದಿಲ್ಲ. ಚೀನಾದ ನಕ್ಷೆಗಳು ಜಿಸಿಜೆ-02 ಅನ್ನುವ ಬೇರೆ ಲೆಕ್ಕದಲ್ಲಿ ಇರುತ್ತವೆ, ಹಾಗಾಗಿ ಹೊರಗಿನ ಆ್ಯಪ್‌ನ ಜಿಪಿಎಸ್ ಗೆರೆಯನ್ನು ಅದರ ಮೇಲೆ ಹಾಕಿದರೆ ಕೆಲವು ನೂರು ಮೀಟರ್ ಆಚೆ ತೋರಿಸುತ್ತದೆ. ಗೋಡೆ ಮೇಲೆ ದಾರಿ ತಪ್ಪುವ ಭಯ ಇಲ್ಲ ಬಿಡಿ, ಆದರೆ ಗೇಟು ಹುಡುಕುವಾಗ ತಲೆ ಕೆಡುತ್ತದೆ. ಅಲ್ಲಿನ ಅಮ್ಯಾಪ್ ಆ್ಯಪ್ ಬಳಸಿ.

ಊಟ: ಬೆಟ್ಟದ ಮೇಲೆ ಏನೂ ನಂಬಬೇಡಿ. ಬೆಳಗ್ಗೆ ಮೆಟ್ರೊ ಹತ್ತಿರ ಹಬೆಯಲ್ಲಿ ಬೇಯಿಸಿದ ಸಪ್ಪೆ ಬನ್ನು ಸಿಗುತ್ತದೆ, ಮಾಂಟೊ ಅಂತ. ಅದರೊಳಗೆ ಏನೂ ತುಂಬಿರುವುದಿಲ್ಲ, ಧೈರ್ಯವಾಗಿ ತಿನ್ನಬಹುದು. ಪಕ್ಕದಲ್ಲೇ ಇಡುವ ಬಾವ್‌ಝಿಯಲ್ಲಿ ಮಾಂಸ ಇರುವುದೇ ಜಾಸ್ತಿ, ಕೇಳದೆ ಬಾಯಿಗೆ ಹಾಕಬೇಡಿ. ಮಾಂಟೊ, ಸೌತೆಕಾಯಿ, ಬಾಳೆಹಣ್ಣು, ಕಡಲೆಬೀಜ ಕಟ್ಟಿಕೊಂಡರೆ ಮಧ್ಯಾಹ್ನ ಮುಗಿಯಿತು. "ವೊ ಚ್ರ್ ಸೂ" ಅಂದರೆ ಸಸ್ಯಾಹಾರಿ ಅಂತ ಅರ್ಥವಾಗುತ್ತದೆ. ಆದರೂ ಮೀನು, ಮಾಂಸದ ಸಾರು ಬೇಡ ಅಂತ ಚೀನೀ ಅಕ್ಷರದಲ್ಲಿ ಬರೆಸಿಟ್ಟುಕೊಂಡು ತೋರಿಸುವುದು ವಾಸಿ.

ನೀವು ಅಕ್ಟೋಬರ್ ಕೊನೆಗೆ ಬರುತ್ತಿರುವುದು ಒಳ್ಳೆಯದಾಯಿತು. 1ರಿಂದ 7ರವರೆಗೆ ಅಲ್ಲಿ ರಾಷ್ಟ್ರೀಯ ರಜೆ. ಆಗ ಗೋಡೆ ಕಾಣುವುದಿಲ್ಲ, ತಲೆಗಳೇ ಕಾಣುತ್ತವೆ.

ಇಟ್ಟಿಗೆ_ಪುರಾಣ
ಏನು ನೋಡಬೇಕು ಅಂತ ಕೇಳಿದಿರಿ, ನನಗೆ ಬಾಯಿ ತೆರೆಯಲು ಅಷ್ಟು ಸಾಕು.

ಮೊದಲು ಜಾಗದ ಹಿನ್ನೆಲೆ. 1550ರಲ್ಲಿ ಮಂಗೋಲರ ಆಲ್ತಾನ್ ಖಾನ್ ಇಲ್ಲೇ ಪಕ್ಕದ ಗುಬೈಕೊವ್ ಕಣಿವೆಯಿಂದ ನುಗ್ಗಿ ಬೀಜಿಂಗ್‌ನ ಬಾಗಿಲವರೆಗೂ ಹೋಗಿ ಸುತ್ತಲ ಊರು ದೋಚಿದ. ಆಗ ಚೀನಾ ಆಳುತ್ತಿದ್ದ ಮಿಂಗ್ ಅರಸರಿಗೆ ಭಾರಿ ಮುಖಭಂಗ. ಗೋಡೆ ಆಗಲೂ ಇತ್ತು, ಆದರೆ ಅದನ್ನು ಕಾಯುವ ವ್ಯವಸ್ಥೆ ಹಾಳಾಗಿತ್ತು. 1568ರಲ್ಲಿ ಚಿ ಜಿಗುವಾಂಗ್ ಎಂಬ ಸೇನಾಪತಿಯನ್ನು ಇಲ್ಲಿಗೆ ಕಳಿಸಿದರು. ಆತ ಅಲ್ಲಿಯವರೆಗೆ ದಕ್ಷಿಣದ ಕರಾವಳಿಯಲ್ಲಿ ಕಡಲುಗಳ್ಳರ ಜೊತೆ ಹೊಡೆದಾಡಿ ಹೆಸರು ಮಾಡಿದ್ದವನು. ಬಂದು ನೋಡಿದರೆ ಸೈನಿಕರು ಬಯಲಲ್ಲಿ ಗಾಳಿ ಮಳೆಗೆ ಮೈಯೊಡ್ಡಿ ನಿಂತಿದ್ದಾರೆ, ಮದ್ದುಗುಂಡು ಇಡಲು ಜಾಗ ಇಲ್ಲ. ಹಾಗಾಗಿ ಒಳಗೆ ಟೊಳ್ಳಾಗಿರುವ, ಅಂತಸ್ತುಗಳಿರುವ ಬುರುಜು ಕಟ್ಟಿಸೋಣ ಅಂದ. ಕೆಳಗೆ ಸೈನಿಕರ ವಾಸ, ದವಸ, ಮದ್ದು. ಮೇಲೆ ಕಾವಲು. ಸುತ್ತಲೂ ಕಿಟಕಿ, ಅಲ್ಲಿಂದಲೇ ಬಾಣ, ಗುಂಡು. ಗಡಿಯುದ್ದಕ್ಕೂ ಇಂಥ ಬುರುಜು ಸಾವಿರಕ್ಕೂ ಹೆಚ್ಚು ಎದ್ದವು. ನೀವು ಒಂದೊಂದರ ಒಳಗೂ ಹೊಕ್ಕು ಕಮಾನು ನೋಡಿ. ಒಂದರ ಹಾಗೆ ಇನ್ನೊಂದಿಲ್ಲ. ಕೆಲವಕ್ಕೆ ಗುಮ್ಮಟ, ಕೆಲವಕ್ಕೆ ಮರದ ಅಟ್ಟ ಇದ್ದ ಗುರುತು.

ಆಮೇಲೆ ಅಡ್ಡಗೋಡೆ. ಇದನ್ನು ಬೇರೆ ಕಡೆ ಇಷ್ಟು ಚೆನ್ನಾಗಿ ನೋಡಲು ಆಗುವುದಿಲ್ಲ. ಕಡಿದಾದ ಮೆಟ್ಟಿಲ ಮೇಲೆ, ನೀವು ನಡೆಯುವ ದಾರಿಗೇ ಅಡ್ಡವಾಗಿ, ಆಳೆತ್ತರದ ಮೊಂಡುಗೋಡೆಗಳು ಒಂದರ ಹಿಂದೆ ಒಂದು ನಿಂತಿವೆ. ಅರ್ಧ ಅಗಲ ಮುಚ್ಚಿ, ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಜಾಗ. ಪ್ರತಿಯೊಂದರಲ್ಲೂ ಗುಂಡು ಹಾರಿಸುವ ಕಿಂಡಿ. ವೈರಿ ಗೋಡೆಯನ್ನೇ ಹತ್ತಿಬಿಟ್ಟ ಅನ್ನಿ. ಸೈನಿಕರು ಒಂದೊಂದು ಅಡ್ಡಗೋಡೆಯ ಮರೆಯಲ್ಲಿ ನಿಂತು ಹೊಡೆಯುತ್ತಾ ಮೇಲಿನ ಬುರುಜಿಗೆ ಹಿಂದೆ ಸರಿಯಬಹುದು. ಕೆಳಗಿನ ಕಡೆ ನಿಂತು ಒಂದು ಕಿಂಡಿಗೆ ಎದುರಾಗಿ ನೋಡಿ. ಏದುಸಿರು ಬಿಡುತ್ತಾ ಆ ಮೆಟ್ಟಿಲು ಹತ್ತುವವನಿಗೆ ಉಳಿಗಾಲ ಇಲ್ಲ ಅಂತ ಮೈಗೇ ಗೊತ್ತಾಗುತ್ತದೆ.

ಮೂರನೆಯದು ಬರಹದ ಇಟ್ಟಿಗೆ. ಒಂದೊಂದು ಇಟ್ಟಿಗೆ ಹತ್ತು ಕೆಜಿ ಹತ್ತಿರ ತೂಗುತ್ತದೆ. ಕೆಲವು ಇಟ್ಟಿಗೆಗಳ ಬದಿಯಲ್ಲಿ, ಸುಡುವ ಮೊದಲೇ ಹಸಿಯಲ್ಲಿ ಒತ್ತಿದ ಅಕ್ಷರ ಇದೆ. ವಾನ್‌ಲಿ ದೊರೆಯ ಐದನೇ ವರ್ಷ, ಅಂದರೆ 1577, ಶಾಂದೊಂಗ್ ಎಡ ದಳ (ಸೈನಿಕರ ತುಕಡಿ) ಮಾಡಿದ್ದು, ಹೀಗೆ. ಯಾವ ದಳದ ಇಟ್ಟಿಗೆ ಒಡೆಯಿತೋ ಆ ದಳವನ್ನು ಹಿಡಿದು ಕೇಳಬಹುದು. ಕಂಟ್ರಾಕ್ಟರ್ ಕೈಗೆ ಸಿಗದೆ ಓಡಾಡುವ ಕಾಲದಲ್ಲಿ ಇದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ದೂರದಾರಿ
ಇಟ್ಟಿಗೆ_ಪುರಾಣ ಅವರೇ, ಒಂದು ಡೌಟು. ಅಷ್ಟೆಲ್ಲ ಕಟ್ಟಿದ ಮೇಲೆ ಇಲ್ಲಿ ದೊಡ್ಡ ಯುದ್ಧ ಆಯಿತಾ?

ಇಟ್ಟಿಗೆ_ಪುರಾಣ
ಅದೇ ತಮಾಷೆ. ಬುರುಜುಗಳು ಏಳುತ್ತಿರುವಾಗಲೇ, 1571ರಲ್ಲಿ, ಮಿಂಗ್ ಅರಸರು ಅದೇ ಆಲ್ತಾನ್ ಖಾನ್ ಜೊತೆ ರಾಜಿ ಮಾಡಿಕೊಂಡರು. ಅವನಿಗೆ ಬಿರುದು ಕೊಟ್ಟರು, ಗಡಿಯಲ್ಲಿ ಸಂತೆ ತೆರೆದರು. ಕುದುರೆ ಕೊಟ್ಟು ಬಟ್ಟೆ, ಧಾನ್ಯ ತೆಗೆದುಕೊಳ್ಳುವುದು ಶುರುವಾಯಿತು. ಖಾನ್‌ಗೆ ಮೊದಲಿನಿಂದಲೂ ಬೇಕಾಗಿದ್ದದ್ದೇ ವ್ಯಾಪಾರ. 1550ಕ್ಕೆ ಮುಂಚೆ ಮತ್ತೆಮತ್ತೆ ಕೇಳಿದ್ದ, ಇವರು ಒಪ್ಪಿರಲಿಲ್ಲ. ಸಂತೆ ತೆರೆದ ಮೇಲೂ ಇಟ್ಟಿಗೆ ಕೆಲಸ ನಿಲ್ಲಿಸಲಿಲ್ಲ ನೋಡಿ, 1577ರ ಅಕ್ಷರವೇ ಸಾಕ್ಷಿ. ಇನ್ನು 1644ರಲ್ಲಿ ಈಶಾನ್ಯದ ಮಂಚು ಜನರ ಸೇನೆ ಬಂದದ್ದು ಪೂರ್ವದ ಶಾನ್‌ಹಾಯ್‌ಗುವಾನ್ ಬಾಗಿಲಿನಿಂದ. ಅದನ್ನು ಒಳಗಿದ್ದ ಮಿಂಗ್ ಸೇನಾಪತಿಯೇ ತೆರೆದುಕೊಟ್ಟ.

ಈ ಕಡೆ ಗೋಡೆಯ ಮೇಲೆ ನಿಜವಾದ ಕಾಳಗ ಆಗಿದ್ದು 1933ರಲ್ಲಿ, ಗುಬೈಕೊವ್‌ನಲ್ಲಿ, ಜಪಾನೀ ಸೇನೆಯ ವಿರುದ್ಧ. ಅಲ್ಲಿನ ಇಪ್ಪತ್ತನಾಲ್ಕು ಕಿಟಕಿಯ ಬುರುಜು ಅರ್ಧ ಕುಸಿದು ನಿಂತಿದೆ.

ಇನ್ನೊಂದು ಗಮನಿಸಿ. ನೀವು ಹತ್ತುವುದು ಉತ್ತರದ ಕಡೆಯಿಂದ. ಅಲ್ಲಿ ಗೋಡೆಯೇ ಗಡಿ: ಉತ್ತರಕ್ಕೆ ಹೆಬೈ, ದಕ್ಷಿಣಕ್ಕೆ ಬೀಜಿಂಗ್‌ನ ಮಿಯುನ್. ಅಂದರೆ ಟಿಕೆಟ್ ತೆಗೆದುಕೊಂಡು ಮಂಗೋಲರ ಮಗ್ಗುಲಿನಿಂದ ಏರುತ್ತೀರಿ.

ಮಂಡಿಚಿಪ್ಪು
ಅಂಟಕ್ಕಿ ಹಾಕಿ ಗಾರೆ ಕಲಸಿದ್ದರು ಅಂತಾರಲ್ಲ, ಅದು ಕಟ್ಟುಕಥೆನಾ?

ಇಟ್ಟಿಗೆ_ಪುರಾಣ
ಕಥೆಯಲ್ಲ ಸರ್. ಅಂಟಕ್ಕಿಯ ಗಂಜಿಯನ್ನು ಸುಣ್ಣಕ್ಕೆ ಬೆರೆಸುವುದು ಚೀನಾದಲ್ಲಿ ಹಳೆಯ ಪದ್ಧತಿ, ಮಿಂಗ್ ಕಾಲದ ಗೋರಿ, ಕೋಟೆಗೋಡೆಗಳಲ್ಲೂ ಬಳಸಿದ್ದಾರೆ. ಝೆಜಿಯಾಂಗ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ಅಕ್ಕಿಯಲ್ಲಿರುವ ಅಮೈಲೊಪೆಕ್ಟಿನ್ ಅನ್ನುವ ಪಿಷ್ಟ ಇರುವಾಗ ಸುಣ್ಣ ದೊಡ್ಡ ಹರಳುಗಟ್ಟುವುದಿಲ್ಲ, ಸಣ್ಣಸಣ್ಣದಾಗಿ ಒತ್ತೊತ್ತಾಗಿ ಕೂರುತ್ತದೆ. ಹಾಗಾಗಿ ಗಾರೆ ಗಟ್ಟಿ. ಎಲುಬು ಪುಡಿ ಮಾಡಿ ಬೆರೆಸಿದರು ಅನ್ನುವುದು ಮಾತ್ರ ಕಟ್ಟುಕಥೆ. ಚಂದ್ರನಿಂದ ಕಾಣುತ್ತದೆ ಅನ್ನುವುದೂ ಅಷ್ಟೇ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಯಾಂಗ್ ಲಿವೈ ತನಗೆ ಗೋಡೆ ಕಾಣಲಿಲ್ಲ ಅಂದುಬಿಟ್ಟರು.

ಹೊಸಬ_ಕಿರಣ
ನಡುವೆ ಬಾಯಿ ಹಾಕುತ್ತಿದ್ದೇನೆ. ಅಲ್ಲಿ ಹಳ್ಳಿ ಹೆಂಗಸರು ಬೆನ್ನು ಬಿಡದೆ ಹಿಂದೆ ಬರುತ್ತಾರೆ, ಕಿರಿಕಿರಿ ಅಂತ ಕೇಳಿದ್ದೆ. ನಿಜಾನಾ?

ದೂರದಾರಿ
ಬರುತ್ತಾರೆ. ಕಿರಿಕಿರಿ ಅನ್ನುವುದು ನೋಡುವವರ ಮೇಲೆ. ನನ್ನ ಜೊತೆ ಬಂದವರಿಗೆ ಅರವತ್ತು ದಾಟಿರಬೇಕು. ಬಟ್ಟೆ ಶೂ, ಹೆಗಲಿಗೆ ಒಂದು ಚೀಲ, ಕೈಯಲ್ಲಿ ಬೀಸಣಿಗೆ. ನಾನು ಒಂದು ಬುರುಜು ಏರಿ ಬಾಯಿ ತೆರೆದು ನಿಂತಾಗ ಅವರು ಮೆಟ್ಟಿಲ ಮೇಲೆ ಕೂತು ನನಗೆ ಗಾಳಿ ಹಾಕುತ್ತಿದ್ದರು. ನಾಚಿಕೆಯಾಯಿತು, ನಗೂ ಬಂತು. ಅಲುಗಾಡುವ ಕಲ್ಲು ಬಂದಾಗಲೆಲ್ಲ ಕಾಲಿನಿಂದ ತಟ್ಟಿ ತೋರಿಸಿ ತಲೆ ಅಲ್ಲಾಡಿಸುತ್ತಿದ್ದರು. ಒಂದು ಕಡೆ ಗೋಡೆ ಪೂರ್ತಿ ಕುಸಿದು ಪಕ್ಕದ ಕಾಲುದಾರಿ ಹಿಡಿಯಬೇಕಾಗಿತ್ತು, ಅವರಿಲ್ಲದಿದ್ದರೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಕೊನೆಯಲ್ಲಿ ಚೀಲದಿಂದ ಫೋಟೊ ಪುಸ್ತಕ, ಟೀ ಶರ್ಟ್ ತೆಗೆದರು. ಹೇಳಿದ ರೇಟು ಜಾಸ್ತಿಯೇ. ಚೌಕಾಸಿ ಮಾಡಿ ಪುಸ್ತಕ ಕೊಂಡೆ. ಅರ್ಧ ದಿನ ಜೊತೆ ನಡೆದದ್ದಕ್ಕೆ ಅದು ಕೂಲಿ ಅಂದುಕೊಂಡೆ, ಅನ್ಯಾಯ ಅನ್ನಿಸಲಿಲ್ಲ. ಬೇಡ ಅಂದರೆ ಶುರುವಿನಲ್ಲೇ ನಗುತ್ತಾ "ಬು ಯಾವ್" ಅಂತ ಹೇಳಿಬಿಡಬೇಕು. ಮೂರು ಬುರುಜು ಜೊತೆ ನಡೆಸಿ ಆಮೇಲೆ ಮುಖ ತಿರುಗಿಸುವುದು ಮರ್ಯಾದೆಯಲ್ಲ.

ಗುಡ್ಡಸುತ್ತು
ಇದಕ್ಕೆ ನನ್ನದೂ ಸಹಿ.

ಚಂದ್ರಿಕಾ_ನಡಿಗೆ
ಆಯಿತು, ಜಿನ್‌ಶಾನ್‌ಲಿಂಗ್ ಗಟ್ಟಿ. ಮಳೆ ಬಂದರೆ?

ಮಂಡಿಚಿಪ್ಪು
ಅಕ್ಟೋಬರ್ ಕೊನೆಗೆ ಮಳೆ ಕಮ್ಮಿ, ಗಾಳಿಯೇ ಜಾಸ್ತಿ. ಏಣಿನ ಮೇಲೆ ಬೀಸುವ ಗಾಳಿಗೆ ಬೆವರು ಆರಿ ನಡುಕ ಬರುತ್ತದೆ, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಮಳೆ ಬಿತ್ತು ಅಂದರೆ ಪೂರ್ವದ ಕಡೆ ಹೋಗಬೇಡಿ, ಸವೆದ ಇಟ್ಟಿಗೆ ನೆನೆದರೆ ಕಾಲು ನಿಲ್ಲುವುದಿಲ್ಲ. ಗುಡುಗಿದರೆ ಬುರುಜಿನ ತುದಿಯಲ್ಲಿ ನಿಲ್ಲದೆ ಕೆಳಗೆ ಇಳಿದುಬಿಡಿ. ಬೇಸಿಗೆಯಲ್ಲಿ ಅಲ್ಲಿ ಸಿಡಿಲಿನದ್ದೇ ದೊಡ್ಡ ಭಯ.

ಹೊಸಬ_ಕಿರಣ
ನಾವು ಮೇ ತಿಂಗಳಲ್ಲಿ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಹೋಗುತ್ತೇವೆ. ಜಿನ್‌ಶಾನ್‌ಲಿಂಗ್ ಆಗುತ್ತಾ?

ದೂರದಾರಿ
ಪೂರ್ವದ ಉದುರಿದ ಭಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಪಕ್ಕದಲ್ಲಿ ಕೈಗೋಡೆ ಇರುವುದಿಲ್ಲ. ನೀವು ಮುತಿಯನ್‌ಯುಗೆ ಹೋಗಿ. ಕೇಬಲ್ ಕಾರ್ 14ನೇ ಬುರುಜಿಗೆ ಬಿಡುತ್ತದೆ. ಅಲ್ಲಿಂದ 20ರವರೆಗೆ ಹತ್ತಿ, ಕೊನೆಯ ಏರು ನಿಮ್ಮ ಬೆವರನ್ನೂ ಇಳಿಸುತ್ತದೆ. ಆಮೇಲೆ 6ನೇ ಬುರುಜಿನವರೆಗೆ ವಾಪಸ್ ನಡೆದು ಜಾರುಬಂಡಿಯಲ್ಲಿ ಇಳಿಯಿರಿ. ಟಿಕೆಟ್ ತೆಗೆದುಕೊಳ್ಳುವಾಗ ಮಾತ್ರ ಹುಷಾರು: 14ಕ್ಕೆ ಹೋಗುವ ಕೇಬಲ್ ಕಾರ್ ಮತ್ತು 6ರ ಜಾರುಬಂಡಿ ಬೇರೆಬೇರೆಯವರದ್ದು. ಹೋಗಿಬರುವ ಟಿಕೆಟ್ ತೆಗೆದುಕೊಂಡರೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಎರಡಕ್ಕೂ ಒಂದೊಂದು ಕಡೆಯದ್ದೇ ಕೇಳಿ. ಮೇ 1ರ ರಜೆಯ ದಿನಗಳನ್ನು ಬಿಟ್ಟು ಹೋಗಿ.